ಎಕ್ಕದ ಬುಡಕ್ಕೆ ಹೋಗಬೇಕಿದ್ದ ಹಾಲು

ನಾನು ಹುಟ್ಟಿದ ಮನೆ ಗುಬ್ಬಿ ಪೇಟೆಗೆ ನಡೆದೇ ಹೋಗುವಷ್ಟು ಹತ್ತಿರದ ಹಳ್ಳಿಯಲ್ಲಿತ್ತು. ಊರಿನವರು ಅದನ್ನ ದೊಡ್ಡಮನೆ ಅನ್ನೋರು. ದೊಡ್ಡದು ಹೌದು, ಆದರೆ ಅದರಲ್ಲಿ ಮುಕ್ಕಾಲು ಪಾಲು ತೆಂಗಿನಕಾಯಿಗೂ ದನಕ್ಕೂ ಹೋಗಿ, ಮಿಕ್ಕಿದ್ದರಲ್ಲಿ ನಾವು ಇರ್ತಿದ್ದೆವು. ಅಟ್ಟದ ತುಂಬ ಕಾಯಿ. ಒಳಗಿನ ನೀರು ಇಂಗಿ ಕೊಬ್ಬರಿ ಆಗೋಕೆ ವರ್ಷ ಬೇಕು, ಅಲ್ಲಿವರೆಗೂ ಕಾಯಿ ಬೆಚ್ಚಗಿರಲಿ ಅಂತ ಕೆಳಗೆ ಹೊಗೆ ಹಾಕಬೇಕು. ಕಾಯಿ ಮೇಲೆ ಬೆಚ್ಚಗಿರೋವು, ನಾವು ಕೆಳಗೆ ಕೆಮ್ಮಿಕೊಂಡು ಇರೋರು. ನಡುಮನೆಗೆ ಕಿಟಕಿ ಇರಲಿಲ್ಲ. ಅಡುಗೆಮನೆ ಪಕ್ಕದಲ್ಲಿ ಒಂದು ಕತ್ತಲ ಕೋಣೆ, ಅದರಲ್ಲಿ ರಾಗಿ ತುಂಬಿದ ದೊಡ್ಡ ಮಣ್ಣಿನ ವಾಡೆಗಳು. ಯಾರಾದರೂ ಹೆರೋಕೆ ಆದಾಗ ವಾಡೆಗಳನ್ನ ಗೋಡೆಗೆ ಒತ್ತಿ ಅಲ್ಲೇ ಚಾಪೆ ಹಾಸೋರು. ಹಿತ್ತಲಿಗೆ ಹೋದರೆ ಬಚ್ಚಲು. ಮೂರು ಕಡೆ ಗೋಡೆ, ನಾಲ್ಕನೇ ಕಡೆ ಬಯಲು. ಅದರಾಚೆ ಕಾಯಿ ಸುಲಿದ ಮಟ್ಟೆಯ ರಾಶಿ, ತಿಪ್ಪೆ, ಬೇಲಿ.

ನನ್ನ ಹೆಸರು ತಿಪ್ಪಮ್ಮ. ನನಗಿಂತ ಮುಂಚೆ ಹುಟ್ಟಿದ ಎರಡು ಮಕ್ಕಳು ಉಳಿಯಲಿಲ್ಲ. ಹಂಗಾಗಿ ನಾನು ಹುಟ್ಟಿದ ಕೂಡಲೇ ಅಜ್ಜಿ, ಅಪ್ಪನ ಅವ್ವ, ನನ್ನನ್ನ ಮೊರದಲ್ಲಿ ಹಾಕ್ಕೊಂಡು ಹೋಗಿ ತಿಪ್ಪೆ ಮೇಲೆ ಮಲಗಿಸಿದಳಂತೆ. ಪಕ್ಕದ ಮನೆಯವರು ಬಂದು, ಇದ್ಯಾರದೋ ಬಿದ್ದಿತ್ತು ಅಂತ ಎತ್ತಿ ಕೊಟ್ಟರಂತೆ. ಯಾರಿಗೂ ಬೇಡದ ಕೂಸು ಅಂತ ಸಾವಿಗೂ ಅನ್ನಿಸಲಿ ಅಂತ ಹಂಗೆ ಮಾಡೋದು. ಇದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇತ್ತು, ಅದಕ್ಕೆ ನಾನು ಬೇಜಾರು ಮಾಡ್ಕೊಂಡವಳಲ್ಲ. ಆದರೆ ಅಜ್ಜಿ ಇನ್ನೊಂದು ಕೆಲಸ ಮಾಡಿದ್ದಳು. ಅವ್ವನ ಹಾಲನ್ನ ನನಗೆ ಕೊಡಿಸಲಿಲ್ಲ. ಆ ಎರಡು ಕೂಸೂ ಅವ್ವನ ಎದೆಹಾಲು ಕುಡಿದವು, ಎರಡೂ ಹೋದವು, ಹಂಗಾಗಿ ಹಾಲಲ್ಲೇ ನಂಜು ಐತೆ ಅಂತ ಅವಳ ಲೆಕ್ಕ. ನನ್ನನ್ನ ಮೇಕೆ ಹಾಲಲ್ಲಿ ಸಾಕಿದರು. ನಾನು ಉಳಿದೆ. ಅಜ್ಜಿ ಮಾತೇ ನಿಜ ಅಂತಾಯಿತು.

ಅವಳು ಸುಮ್ಮನೆ ಹೇಳಿದ್ದಲ್ಲ, ಪರೀಕ್ಷೆ ಕೂಡ ಮಾಡಿದ್ದಳು. ಅವ್ವನ ಹಾಲನ್ನ ಬಟ್ಟಲಿಗೆ ಹಿಂಡಿಸಿ ಅದರಲ್ಲಿ ಒಂದು ಇರುವೆ ಬಿಟ್ಟಳಂತೆ. ಇರುವೆ ಈಜಿ ದಡ ಸೇರಿದರೆ ಹಾಲು ಒಳ್ಳೇದು, ಸತ್ತರೆ ನಂಜು. ಇರುವೆ ಸತ್ತಿತು. ಯಾವ ಹಾಲಿಗೆ ಹಾಕಿದರೂ ಇರುವೆ ಸಾಯ್ತದೆ, ನೀರಿಗೆ ಹಾಕಿದರೂ ಸಾಯ್ತದೆ. ಇದನ್ನ ಅಜ್ಜಿಗೆ ಹೇಳೋರು ಯಾರು? ಅಪ್ಪ ಅಟ್ಟದ ಕಾಯಿ ಅಲ್ಲಾಡಿಸಿ ಕಿವಿ ಹತ್ರ ಇಟ್ಕೊಂಡು ನೀರು ಇಂಗಿತಾ ಅಂತ ಕೇಳೋನು. ಮನೆಯೊಳಗೆ ಆಡೋ ಮಾತು ಅವನ ಕಿವಿಗೆ ಬೀಳುತ್ತಿರಲಿಲ್ಲ.

ಅದಾಗಿ ಎಷ್ಟೋ ವರ್ಷಕ್ಕೆ ಅವ್ವ ಮತ್ತೆ ಬಸುರಾದಳು. ನಾನು ಆಗ ನೀರಿನ ಕೊಡ ಸೊಂಟಕ್ಕೆ ಹತ್ತಿಸುವಷ್ಟು ಬೆಳೆದಿದ್ದೆ. ಶಿವರಾತ್ರಿಗೆ ಮುಂಚಿನ ಕೆಟ್ಟ ಚಳಿ. ಗಂಡುಮಗು ಹುಟ್ಟಿತು. ಮೇಕೆ ಮಾರಿ ಆಗಿತ್ತು, ಹಸು ಗಬ್ಬವಾಗಿ ಹಾಲು ಬತ್ತಿಸಿತ್ತು, ಹಂಗಾಗಿ ಅಪ್ಪ ಅಪರೂಪಕ್ಕೆ ಬಾಯಿ ಬಿಟ್ಟು, ಅವಳ ಹಾಲೇ ಕುಡಿಸಿ ಅಂದ. ಅಜ್ಜಿ ಗೊಣಗಿದಳು. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗೂನ ಕಾಲ ಮೇಲೆ ಮಲಗಿಸಿಕೊಂಡು ಹಂಡೆಗಟ್ಟಲೆ ನೀರು ಹಾಕೋಳು. ನಾನು ನೀರು ಹೊಯ್ಯೋಳು. ಮಗು ಅತ್ತೂ ಅತ್ತೂ ನೀಲಿಗಟ್ಟೋದು. ಎಳೆಗೂಸು ಅತ್ತಷ್ಟೂ ಗಟ್ಟಿ ಅನ್ನೋಳು ಅಜ್ಜಿ. ತೊಟ್ಟಿಲಿಗೆ ಹಾಕೋ ಮುಂಚೆ ಅದೂ ಹೋಯಿತು. ಅಪ್ಪ ಗುದ್ದಲಿ ತಗೊಂಡು ತೋಟಕ್ಕೆ ಹೋಗಿ ಬಂದು, ಕೈ ತೊಳೆದು ಊಟಕ್ಕೆ ಕೂತ. ಅಜ್ಜಿ ಮುದ್ದೆ ಬಡಿಸುತ್ತ ಅಂದಳು.

"ನಾನು ಬ್ಯಾಡ ಅಂದಿದ್ದೆ. ಯಾರು ಕೇಳಿದ್ರು ನನ್ನ ಮಾತ?"

ಅವ್ವ ಕತ್ತಲ ಕೋಣೆಯಲ್ಲಿ ಇದ್ದಳು, ಕೇಳಿಸ್ತಿತ್ತು.

ಮಗು ಹೋದರೂ ಹಾಲು ನಿಲ್ಲಲಿಲ್ಲ. ಅವ್ವನ ಎದೆ ಕಲ್ಲಾಗಿ, ಚಳಿಜ್ವರ ಬಂತು. ಹಾಲು ಬತ್ತಿಸೋಕೆ ಮಲ್ಲಿಗೆ ಹೂ ಕಟ್ಟಬೇಕು. ಅದಿನ್ನೂ ಮಲ್ಲಿಗೆ ಬಿಡೋ ಕಾಲ ಅಲ್ಲ, ಅಪ್ಪ ಗುಬ್ಬಿ ಸಂತೆಯಲ್ಲಿ ಹುಡುಕಿ ಬಾಡಿದ ಒಂದು ಮೊಳ ತಂದ. ಮಗು ಸತ್ತ ಮನೆಗೆ ಮಲ್ಲಿಗೆ ತಂದರೆ ನೋಡಿದವರು ಏನಂತಾರೆ ಅಂತ ಟವಲ್ಲಿನಲ್ಲಿ ಸುತ್ತಿ ತಂದಿದ್ದ. ಅಜ್ಜಿ ಅದನ್ನ ಅವ್ವನ ಎದೆಗೆ ಇಟ್ಟು ಹಳೇ ಸೀರೆಯ ಪಟ್ಟಿಯಲ್ಲಿ ಬಿಗಿದಳು. ಆದರೂ ನೋವು ತಡೆಯೋಕಾಗದೆ ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಹಿಂಡಿ ತೆಗೀಬೇಕಿತ್ತು. ಹಂಗೆ ಹಿಂಡಿದ ಹಾಲನ್ನ ಎಲ್ಲಂದರಲ್ಲಿ ಚೆಲ್ಲಬಾರದು. ಯಾರಾದರೂ ತುಳಿದರೆ, ಇರುವೆ ಮುತ್ತಿದರೆ, ಆ ಹೆಂಗಸಿಗೆ ಕೇಡು ಅಂತ ನಂಬಿಕೆ. ನಮ್ಮ ಮನೆಯಲ್ಲಿ ಅದನ್ನ ಬೇಲಿ ಪಕ್ಕದ ಎಕ್ಕದ ಗಿಡದ ಬುಡಕ್ಕೆ ಹೊಯ್ಯೋರು. ಎಕ್ಕ ತಾನೇ ಹಾಲಿರೋ ಗಿಡ, ಅದು ಕುಡ್ಕೊಳ್ಳಲಿ ಅಂತ. ಬಟ್ಟಲು ಹೊತ್ತು ಹೋಗಿ ಹೊಯ್ದು ಬರೋ ಕೆಲಸ ನನ್ನದಾಯಿತು. ಆಗ ಮನೆಯ ಕೆಲಸ ಎಲ್ಲ ನನ್ನದೇ. ನೀರು, ಸಗಣಿ, ಕಸ, ಬಾಣಂತಿ ಬಟ್ಟೆ, ಕಾಯಿಗೆ ಹಾಕೋ ಹೊಗೆ. ಇನ್ನೊಂದು ಬಟ್ಟಲು ಹೊತ್ತರೆ ಏನು ಹೆಚ್ಚಾಯಿತು ಅಂತ ಅಜ್ಜಿ ಅಂದುಕೊಂಡಿರಬೇಕು.

ಅದೇ ಹೊತ್ತಲ್ಲಿ ನಮ್ಮ ಕೆಂಪಿ ಮಟ್ಟೆ ರಾಶಿಯೊಳಗೆ ಮರಿ ಹಾಕಿತು. ಕೆಂಪಿ ಅಂದರೆ ಕಾಯಿ ಕಾಯೋಕೆ ಇದ್ದ ನಾಯಿ. ನಾಲ್ಕು ಮರಿ ಗುಂಡಗಿದ್ದವು. ಐದನೇದು ಮರಿ ಅಂತ ಅನ್ನಿಸುವಂಗೇ ಇರಲಿಲ್ಲ. ತೊಗಲು ಸಡಿಲ, ತಲೆ ದಪ್ಪ, ಹೊಟ್ಟೆ ಬೆನ್ನಿಗೆ ಅಂಟಿತ್ತು. ಬಾಯಿಂದ ಸದ್ದೂ ಸರಿಯಾಗಿ ಬರ್ತಿರಲಿಲ್ಲ. ಕೆಂಪಿ ಅದನ್ನ ಮೂತಿಯಿಂದ ನೂಕಿ ಆಚೆ ಹಾಕೋಳು. ನಾನು ತಂದು ಮೊಲೆಗೆ ಇಟ್ಟರೆ ಉಳಿದವು ತುಳಿದು ಮೇಲೆ ಹತ್ತೋವು, ಕೆಂಪಿ ಎದ್ದು ಹೋಗೋಳು. ನಮ್ಮ ಮನೆಗೆ ಕಾಯಿ ಸುಲಿಯೋಕೆ ಬರ್ತಿದ್ದ ಹನುಮಯ್ಯ ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಕುಕ್ಕಿ ಮಟ್ಟೆ ಬಿಡಿಸುತ್ತ ಇದನ್ನೆಲ್ಲ ನೋಡ್ತಿದ್ದ.

"ಏನಮ್ಮಿ ಅದು, ನಾಯಿಮರಿನೋ ಇಲಿಮರಿನೋ?"

"ನಾಯೀದೇ ಕಣಣ್ಣ."

"ಬೆಕ್ಕಿಗೆ ಹೇಳ್ಬ್ಯಾಡ ಬುಡು. ಗೊತ್ತಾದ್ರೆ ತಗೊಂಡೋಯ್ತದೆ."

ಅಜ್ಜಿ ಬಂದು ನೋಡಿ, ಇದು ಉಳಿಯೋದಲ್ಲ, ತಗೊಂಡು ತಿಪ್ಪೆಗೆ ಹಾಕು ಅಂದಳು. ಒಂದು ಒಡೆದ ಚಿಪ್ಪಿನಲ್ಲಿ ಅದನ್ನ ಇಟ್ಟುಕೊಂಡೆ. ತೆಂಗಿನ ಅರ್ಧ ಚಿಪ್ಪಿನಲ್ಲಿ ಅದು ಹಿಡಿಸಿತು, ಅಷ್ಟು ಸಣ್ಣದು. ಹಾಕೋಕೇ ಹೋದೆ. ತಿಪ್ಪೆ ಮೇಲೆ ಕಾಗೆ ಕೂತು ನನ್ನ ಕೈಯನ್ನೇ ನೋಡ್ತಿತ್ತು. ಇಷ್ಟು ಬೇಗ ಕಾಗೆಗೆ ಕೊಡೋಕೆ ಮನಸ್ಸಾಗಲಿಲ್ಲ. ಕರುಣೆ ಅಂತ ನಾನು ಇದನ್ನ ಬರೀತಾ ಇಲ್ಲ. ಸಾಯಲಿ, ಆಮೇಲೆ ಹಾಕಿದರಾಯಿತು ಅಂತ ವಾಪಸ್ಸು ತಂದು ಬಚ್ಚಲ ಒಲೆ ಪಕ್ಕ ಇಟ್ಟೆ. ಹನುಮಯ್ಯ ನಕ್ಕ.

"ತಿಪ್ಪಮ್ಮ ತಿಪ್ಪೆಯಿಂದ ಕೂಸು ತಂದ್ಲು! ನಾಮಕರಣ ಯಾವಾಗಮ್ಮಿ?"

ಸಾಯಲಿ ಅಂತ ಇಟ್ಟಿದ್ದು ಸಾಯಲಿಲ್ಲ, ಅದೇ ತೊಂದರೆ ಆಯಿತು. ಬದುಕಿರೋದಕ್ಕೆ ಹೊಟ್ಟೆ ಇರ್ತದಲ್ಲ. ಒಂದು ಮಡಕೆಗೆ ಬಿಸಿ ಬೂದಿ ಹಾಕಿ, ಮೇಲೆ ತೆಂಗಿನ ನಾರು ಹಾಸಿ, ಅದರ ಮೇಲೆ ಚಿಪ್ಪು ಇಟ್ಟೆ. ರಾಗಿ ಗಂಜಿಯ ತಿಳಿ ಕೊಟ್ಟೆ, ಹೊಟ್ಟೆ ಉಬ್ಬಿತು. ಬೆಲ್ಲದ ನೀರು ಕೊಟ್ಟೆ, ಭೇದಿ ಆಯಿತು. ಹಾಲು ಬೇಕಿತ್ತು, ಮನೆಯಲ್ಲಿ ಹಾಲಿಲ್ಲ. ಅಪ್ಪನ ಕಾಫಿಗೇ ಪಕ್ಕದ ಮನೆಯಿಂದ ತರ್ತಿದ್ದೆವು, ಅದೂ ಅಜ್ಜಿ ಕಣ್ಣಳತೆಯಲ್ಲಿ. ಅಂಥಾ ಹೊತ್ತಲ್ಲಿ ನಾನು ದಿನಾ ಬಟ್ಟಲಲ್ಲಿ ಹಾಲು ಹೊತ್ತು, ಬಚ್ಚಲು ದಾಟಿ, ಎಕ್ಕದ ಗಿಡಕ್ಕೆ ಹೊಯ್ದು ಬರ್ತಾ ಇದ್ದೆ. ಬಚ್ಚಲು ದಾಟಿಯೇ ಹೋಗಬೇಕು. ಒಂದು ದಿನ ದಾಟಲಿಲ್ಲ.

ನಂಜು ಅನ್ನೋದು ನನಗೆ ನೆನಪಿತ್ತು. ನೆನಪಿದ್ದೇ ಕೊಟ್ಟೆ. ಹೆಂಗೂ ಸಾಯೋದು, ಹಸ್ಕೊಂಡು ಸಾಯೋದಕ್ಕಿಂತ ಕುಡಿದು ಸಾಯಲಿ ಅಂತ. ಕೂಸಿಗೆ ಹಾಲು ಕುಡಿಸೋದು ನಾನು ನೋಡಿದ್ದು ಒಂದೇ ತರ. ಕಾಲು ನೀಡಿ ಕೂತು, ಕಾಲ ಮೇಲೆ ಅಂಗಾತ ಮಲಗಿಸಿ, ಬಾಯಿಗೆ ಹೊಯ್ಯೋದು. ಹಂಗೇ ಮರಿಯನ್ನ ಮೊಣಕಾಲ ಮೇಲೆ ಅಂಗಾತ ಮಲಗಿಸಿ, ಬಟ್ಟೆ ಬತ್ತಿ ಅದ್ದಿ ಬಾಯಿಗೆ ಹಿಂಡಿದೆ. ಹಾಲು ಮೂಗಿಂದ ಬಂತು. ಉಸಿರು ಸಿಕ್ಕಿಕೊಂಡು ಕಾಲೆಲ್ಲ ಸೆಟೆಯಿತು. ಮುಗೀತು ಅಂದ್ಕೊಂಡೆ. ತಲೆಕೆಳಗು ಮಾಡಿ ಬೆನ್ನು ತಟ್ಟಿದ ಮೇಲೆ ಸೀನಿತು. ಮಾರನೇ ದಿನವೂ ಹಂಗೇ ಆಯಿತು. ತಲೆಗೆ ಹರಳೆಣ್ಣೆ ಒತ್ತಿ, ಸಾಂಬ್ರಾಣಿ ಹೊಗೆ ಹಿಡಿದು, ದೃಷ್ಟಿಗೆ ಕಾಡಿಗೆ ಬೊಟ್ಟೂ ಇಟ್ಟೆ. ಕೂಸಿಗೆ ಮಾಡೋದೆಲ್ಲ ಮಾಡಿದೆ, ಹಾಲು ಮಾತ್ರ ಮೂಗಿಂದಲೇ ಬರೋದು. ಬೇಸತ್ತು ಮಟ್ಟೆ ರಾಶಿ ಹತ್ರ ಹೋಗಿ ಕೂತಾಗ ಕಣ್ಣಿಗೆ ಬಿತ್ತು. ಕೆಂಪಿಯ ಮರಿಗಳು ಒಂದೂ ಅಂಗಾತ ಇಲ್ಲ. ಹೊಟ್ಟೆ ನೆಲಕ್ಕೆ ಒತ್ತಿ, ತಲೆ ಎತ್ತಿ, ಮುಂಗಾಲಲ್ಲಿ ತಳ್ಳಿ ತಳ್ಳಿ ಕುಡೀತಿದ್ದವು. ಕುಡಿದ ಮೇಲೆ ಕೆಂಪಿ ಅವುಗಳ ಹಿಂಭಾಗ ನೆಕ್ಕಿದರೆ ಉಚ್ಚೆ ಮಾಡೋವು. ಇದು ನಾಯಿ, ಇದನ್ನ ಯಾಕೆ ನಾನು ಮನುಷ್ಯರ ಕೂಸು ಮಾಡೋಕೆ ಹೊರಟಿದ್ದೆ! ಅವತ್ತಿಂದ ಬೋರಲು ಹಿಡಿದು ಕುಡಿಸಿದೆ, ಒದ್ದೆ ಬಟ್ಟೆಯಲ್ಲಿ ಹಿಂದೆ ಒರೆಸಿದೆ. ಬತ್ತಿಯನ್ನ ಅದೇ ಎಳೆದು ಚೀಪೋಕೆ ಶುರು ಮಾಡಿತು.

ಮರಿ ಸಾಕೋದು ಆಟ ಅಂತ ಈಗಿನ ಮಕ್ಕಳು ತಿಳ್ಕೊಂಡಾವೆ. ಅದು ಕೆಲಸ. ನೀರು ಸೇದೋ ಮಧ್ಯೆ ಓಡಿ ಬರಬೇಕು, ಸಗಣಿ ಕೈ ತೊಳೆದು ಬರಬೇಕು, ಬೂದಿ ಆರಿದರೆ ಬದಲಾಯಿಸಬೇಕು. ಅದು ಮುದ್ದಾಗೂ ಇರಲಿಲ್ಲ, ನಾತ ಹೊಡೀತಿತ್ತು. ಊಟಕ್ಕೆ ಕೂತರೆ ನಾನು ಮುದ್ದೆ ಕೈಯಲ್ಲಿ ಹಿಡಿದೇ ತೂಕಡಿಸ್ತಿದ್ದೆ. ಅಪ್ಪ ಒಂದು ದಿನ, ಇವಳಿಗೇನಾಗೈತೆ, ಸಾರಿಗೆ ಮೂಗು ಅದ್ದುತಾವ್ಳೆ ಅಂದ. ಅಜ್ಜಿ, ಬೆಳೆಯೋ ಹುಡುಗಿ, ನಿದ್ದೆ ಜಾಸ್ತಿ ಅಂದಳು.

ಅವ್ವ ಜ್ವರ ಇಳಿದು ಸ್ನಾನಕ್ಕೆ ಬಚ್ಚಲಿಗೆ ಬಂದ ದಿನ ಎಲ್ಲ ಹೊರಗೆ ಬಿತ್ತು. ನಾನು ಮರಿಗೆ ಬತ್ತಿ ಹಿಡಿದು ಕೂತಿದ್ದೆ, ಪಕ್ಕದಲ್ಲಿ ಅವಳದೇ ಬಟ್ಟಲು. ಅವಳು ಗೋಡೆ ಹಿಡ್ಕೊಂಡು ನಿಂತಳು. ಮಗು ಹೋದಮೇಲೆ ನಾನು ಅವಳ ಮುಖ ಬೆಳಕಲ್ಲಿ ನೋಡಿದ್ದು ಅದೇ ಮೊದಲು. ಒದೆ ಬೀಳ್ತದೆ ಅಂತ ತಲೆ ತಗ್ಗಿಸಿದೆ.

"ನಂದಾ ಅದು?"

"ಹೂಂ."

"ಯಾವತ್ತಿಂದ?"

"ಆವಾಗಿಂದಾನೂ."

ಅವಳು ಹೊಡೀಲಿಲ್ಲ. ಹತ್ತಿರ ಬಂದು ಬಗ್ಗಿ ನೋಡಿದಳು, ಮುಟ್ಟಲಿಲ್ಲ.

"ವಾಂತಿ ಮಾಡ್ತದಾ?"

"ಇಲ್ಲ."

"ಭೇದಿ?"

"ಬೆಲ್ಲದ ನೀರಿಗೆ ಆಗಿತ್ತು. ಇದಕ್ಕಿಲ್ಲ."

"ಮೈ ನೀಲಿಗೆ ತಿರುಗ್ತದಾ?"

"ಇಲ್ಲ ಕಣವ್ವ."

ಅವಳು ಕೇಳಿದ್ದು ಮರಿ ವಿಷಯ ಅಲ್ಲ ಅಂತ ನನಗೆ ಆಗ ಹೊಳೀಲಿಲ್ಲ. ಸಾಯಂಕಾಲ ಬಟ್ಟಲು ಕೊಟ್ಟಾಗ ಹಾಲು ಮೊದಲಿಗಿಂತ ಜಾಸ್ತಿ ಇತ್ತು. ಎದೆಗೆ ಕಟ್ಟಿದ್ದ ಮಲ್ಲಿಗೆ ಪಟ್ಟಿ ಬಿಚ್ಚಿ ವಾಡೆ ಹಿಂದೆ ಇಟ್ಟಿದ್ದಳು. ಅಜ್ಜಿ ಬರೋ ಸದ್ದಾದರೆ ಎತ್ತಿ ಕಟ್ಟಿಕೊಳ್ಳೋಳು. ಅದಾದ ಮೇಲೆ ನಾನು ಕೋಣೆಗೆ ಹೋದಾಗೆಲ್ಲ ಒಂದೇ ಮಾತು.

"ಐತಾ?"

"ಐತೆ."

ಅಷ್ಟೇ. ಬಟ್ಟಲು ಕೊಡೋಳು, ಗೋಡೆ ಕಡೆ ತಿರುಗೋಳು. ನನ್ನ ಜೊತೆ ಅವಳು ಯಾವತ್ತೂ ಹೆಚ್ಚು ಮಾತಾಡಿದವಳಲ್ಲ. ಬೇರೆ ಹಾಲಲ್ಲಿ ಬೆಳೆದ ಮಗಳು ನಾನು, ಅಜ್ಜಿ ಉಳಿಸಿದ ಮಗಳು. ಅವಳು ನನ್ನನ್ನ ಎತ್ತಿ ಆಡಿಸಿದ್ದು ನನಗೆ ನೆನಪಿಲ್ಲ. ಹಿಂಗಿದ್ದಾಗ, ಐತಾ ಅಂತ ಅವಳು ಕೇಳೋದು, ಐತೆ ಅಂತ ನಾನು ಅನ್ನೋದು, ನಮ್ಮಿಬ್ಬರ ನಡುವೆ ಅದೇ ದೊಡ್ಡ ಮಾತುಕತೆ ಆಗಿತ್ತು.

ಅಟ್ಟದಿಂದ ಕಾಯಿ ಇಳಿಸೋ ಕೆಲಸ ಬಂತು. ಅಪ್ಪ ಮೇಲಿಂದ ಕೊಡೋನು, ನಾನೂ ಅಜ್ಜಿಯೂ ಕೆಳಗೆ ಹಿಡಿದು ಜೋಡಿಸೋರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಅದೇ. ಊಟ ಆದಮೇಲೆ ಪಡಸಾಲೆಯ ಕಂಬಕ್ಕೆ ಒರಗಿದವಳು ಹಂಗೇ ಕಣ್ಣು ಮುಚ್ಚಿಬಿಟ್ಟೆ. ಎದ್ದಾಗ ಬಿಸಿಲು ಬೇಲಿಯಾಚೆ ಇಳಿದಿತ್ತು. ಓಡಿ ಹೋಗಿ ನೋಡಿದರೆ ಬೂದಿ ತಣ್ಣಗಾಗಿ, ಚಿಪ್ಪೂ ತಣ್ಣಗಾಗಿ, ಮರಿ ಕಲ್ಲಿನಂಗೆ ಬಿದ್ದಿತ್ತು. ಬತ್ತಿ ಇಟ್ಟರೆ ಬಾಯಿ ತೆರೀಲಿಲ್ಲ. ಹಾಲು ಹಿಂಡಿದೆ, ತುಟಿ ಪಕ್ಕದಿಂದ ಸೋರಿ ಹೋಯಿತು. ಕೋಣೆಯಿಂದ ಅವ್ವನ ದನಿ ಬಂತು.

"ಐತಾ?"

ನಾನು ಮತ್ತೆ ಬತ್ತಿ ಅದ್ದಿದೆ. ಇನ್ನೊಂದು ಸಲ ಕೇಳಿದಳು. ಆಮೇಲೆ ಅವಳೇ ಬಂದಳು, ಪಟ್ಟಿ ಇಲ್ಲದೆ, ಸೆರಗಿನ ಮುಂದೆಲ್ಲ ಹಾಲಿನ ಒದ್ದೆ. ಬಚ್ಚಲ ಕಲ್ಲಿನ ಮೇಲೆ ಕೂತು ನನ್ನ ಕೈಯಿಂದ ಮರಿಯನ್ನ ತಗೊಂಡಳು. ಅಲ್ಲಿವರೆಗೂ ಅವಳು ಅದನ್ನ ಮುಟ್ಟಿರಲಿಲ್ಲ.

"ಹಾಲು ಹಿಂಡ್ಬ್ಯಾಡ. ತಣ್ಣಗಿರೋ ಹೊಟ್ಟೆಗೆ ಹಾಲು ಹೋಗಲ್ಲ. ಮೊದ್ಲು ಬೆಂಕಿ ಮಾಡು."

ಒಲೆ ಊದಿದೆ. ಅವಳು ಮರಿಯನ್ನ ಎರಡು ಅಂಗೈ ನಡುವೆ ಇಟ್ಟು ಉಜ್ಜಿದಳು, ಕೈ ಬೆಂಕಿಗೆ ಹಿಡಿಯೋದು, ಉಜ್ಜೋದು, ಮತ್ತೆ ಹಿಡಿಯೋದು. ಬಯಲ ಕಡೆಯಿಂದ ಗಾಳಿ ಬರ್ತಿತ್ತು, ಅದಕ್ಕೆ ಬೆನ್ನು ಕೊಟ್ಟು ಕೂತಳು. ಎಷ್ಟೋ ಹೊತ್ತಾದ ಮೇಲೆ, ನನಗೆ ಹೇಳಿದ್ದೋ ತನಗೆ ಹೇಳ್ಕೊಂಡಿದ್ದೋ, ಮೆಲ್ಲಗೆ ಅಂದಳು.

"ಅವನೂ ಹಿಂಗೇ ತಣ್ಣಗಿದ್ದ ಕಣೇ. ನೀರು ಹಾಕಿ ತಂದು ಕೊಡೋರು, ಹಿಂಗೇ ಇರೋನು. ಬಾಯಿ ತೆರೀತಿರಲಿಲ್ಲ. ನನ್ನ ಹಾಲೇ ಬ್ಯಾಡ ಅಂತಾವ್ನೆ ಅಂದ್ಕೊಂಡೆ."

ನಾನು ಒಲೆ ಊದ್ತಾನೇ ಇದ್ದೆ. ಆ ನೀರು ಹೊಯ್ದವಳು ನಾನೇ, ಹೊಯ್ಯಿ ಅಂದವಳು ಅಜ್ಜಿ. ಯಾರಿಗೂ ಕೇಡು ಬೇಕಿರಲಿಲ್ಲ. ಕತ್ತಲಾಗೋ ಹೊತ್ತಿಗೆ ಮರಿಯ ಒಂದು ಹಿಂಗಾಲು ಅಲ್ಲಾಡಿತು. ಆಮೇಲೆ ಬಾಯಿ ತೆರೆದು ಅವ್ವನ ಬೆರಳು ಹುಡುಕಿತು. ಅವಳು ಬತ್ತಿ ಅದ್ದಿ ತಾನೇ ಕೊಟ್ಟಳು.

ಅಷ್ಟರಲ್ಲಿ ಅಜ್ಜಿ ಬಂದು ಬಾಯಿಗೆ ಕೈ ಇಟ್ಕೊಂಡು ನಿಂತಿದ್ದಳು. ಎದೆ ಮೇಲೆ ಪಟ್ಟಿ ಇಲ್ಲ, ಕೈಯಲ್ಲಿ ನಾಯಿ, ಪಕ್ಕದಲ್ಲಿ ಬಟ್ಟಲು. ಅವಳಿಗೆ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಾಯಿಗೆ! ಎದೆಹಾಲು ನಾಯಿಗೆ ಕೊಡ್ತೀಯೇನೇ? ಹಿಂಗೆ ಮಾಡಿದ್ರೆ ಮುಂದೆ ನಿನಗೆ ಮಕ್ಕಳು ನಿಲ್ತವಾ?"

"ಹಿಂದೇನು ನಿಂತಿದ್ವಾ ಅತ್ತೆ?"

ಅವ್ವ ಅಜ್ಜಿಗೆ ಎದುರು ಮಾತಾಡಿದ್ದನ್ನ ನಾನು ಅವತ್ತೇ ಕೇಳಿದ್ದು. ಅಜ್ಜಿ ಮರಿಯನ್ನ ಕಿತ್ಕೊಳ್ಳೋಕೆ ಕೈ ಚಾಚಿದಳು.

"ಕೊಡಿಲ್ಲಿ. ನಂಜು ಕುಡ್ದೈತೆ, ಇವತ್ತಲ್ಲ ನಾಳೆ ಸಾಯ್ತದೆ. ಬಚ್ಚಲಲ್ಲಿ ಸತ್ರೆ ಮೈಲಿಗೆ."

"ಮುಟ್ಬ್ಯಾಡಿ."

"ಏನಂದೆ?"

"ಇದು ಕಣ್ಣು ಬುಡೋವರ್ಗೂ ಮುಟ್ಬ್ಯಾಡಿ ಅಂದೆ. ಅಷ್ಟರೊಳಗೆ ಸತ್ರೆ ನಿಮ್ಮ ಮಾತೇ ನಿಜ. ನಿಮ್ಮ ಮಗನಿಗೆ ಇನ್ನೊಂದು ಹೆಣ್ಣು ತರ್ಬೇಕು ಅಂತಿದ್ರಲ್ಲ, ತನ್ನಿ. ನಾನೇ ಮುಂದೆ ನಿಂತು ಧಾರೆ ಮಾಡಿಸ್ತೀನಿ."

ಇನ್ನೊಂದು ಹೆಣ್ಣಿನ ಮಾತು ಮನೆಯಲ್ಲಿ ನಡೀತಿತ್ತು ಅಂತ ನನಗೆ ಗೊತ್ತಾಗಿದ್ದು ಆಗಲೇ. ಅಜ್ಜಿ ನನ್ನ ಕಡೆ ನೋಡಿದಳು, ನಾನು ಒಲೆ ಕಡೆ ನೋಡಿದೆ. ಅಪ್ಪ ದನ ಕಟ್ಟಿ ಬಂದ. ಅಜ್ಜಿ ಎಲ್ಲ ಒದರಿದಳು. ಅವನು ತಾಯಿ ಮುಖ ನೋಡಿದ, ಹೆಂಡತಿ ಮುಖ ನೋಡಿದ, ಮರಿ ನೋಡಿದ.

"ಇಷ್ಟೇ ಇಷ್ಟು ಐತಲ್ಲ ಇದು" ಅಂದು, ಕಾಲು ತೊಳೆಯೋಕೆ ನೀರು ಕೇಳಿದ.

ಆಮೇಲಿನ ದಿನಗಳು ಉದ್ದ ಆದವು. ಮರಿ ಸಾಯೋದನ್ನ ಅಜ್ಜಿ ಕಾಯೋಳು, ಬದುಕೋದನ್ನ ಅವ್ವ ಕಾಯೋಳು, ಮಧ್ಯದಲ್ಲಿ ನಾನು ಬೂದಿ ಬದಲಾಯಿಸೋಳು. ಅಜ್ಜಿ ನೀರಿಗೆ ಬಂದಾಗ ಓರೆಗಣ್ಣಲ್ಲಿ ಚಿಪ್ಪು ನೋಡಿ ಹೋಗೋಳು. ಹನುಮಯ್ಯನಿಗೂ ಹೆಂಗೋ ಗೊತ್ತಾಗಿ, ಬಂದ ಕೂಡಲೇ ಹಾರೆ ನೆಡೋ ಮುಂಚೆ ಬಚ್ಚಲ ಕಡೆ ಬಗ್ಗಿ ನೋಡೋನು. ಅವನು ತಮಾಷೆ ಮಾಡೋದು ಬಿಟ್ಟಿದ್ದ. ಕೆಂಪಿಯ ಉಳಿದ ಮರಿಗಳು ಕಣ್ಣು ಬಿಟ್ಟು ಮಟ್ಟೆ ಮೇಲೆ ಉರುಳಾಡೋಕೆ ಹತ್ತಿದವು. ಇದು ಬಿಡಲಿಲ್ಲ. ಅವ್ವ ಊಟ ಬಿಟ್ಟಳು. ಊಟ ಬಿಟ್ಟರೆ ಹಾಲು ನಿಲ್ತದೆ ಅಂದೆ. ಸುಮ್ಮನೆ ತಟ್ಟೆ ಎಳ್ಕೊಂಡು ಉಂಡಳು. ನಾನು ಹೇಳಿದ್ದನ್ನ ಒಬ್ಬರು ಕೇಳಿದ್ದು ಅದೇ ಮೊದಲಿರಬೇಕು.

ಅವು ಕಣ್ಣು ಬಿಟ್ಟು ಎಷ್ಟೋ ದಿನಕ್ಕೆ ಇದು ಬಿಟ್ಟಿತು. ಮೊದಲು ಒಂದು ಕಣ್ಣು, ಅದೂ ಅರ್ಧ. ಅವ್ವನನ್ನ ಕರೆದೆ. ಅವಳು ಬೆಳಕಿಗೆ ಹಿಡಿದು ನೋಡಿ, ಎದ್ದು ಹೋಗಿ ಅಡುಗೆಮನೆಯಲ್ಲಿ ರಾಗಿ ಕೇರ್ತಿದ್ದ ಅಜ್ಜಿಯ ಮುಂದೆ ಚಿಪ್ಪು ಇಟ್ಟಳು. ಅಜ್ಜಿ ನೋಡಿದಳು. ಮೊರ ನಿಲ್ಲಿಸಲಿಲ್ಲ.

"ನಾಯಿ ಕರುಳು. ಕಲ್ಲು ಹಾಕಿದ್ರೂ ಅರಗಿಸ್ತದೆ."

ನನಗೆ ಅಳು ಬರುವಂಗಾಯಿತು. ಅಷ್ಟು ದಿನ ಪಟ್ಟಿದ್ದೆಲ್ಲ ಒಂದು ಮಾತಲ್ಲಿ ಹೋಯಿತಲ್ಲ ಅಂತ. ಅವ್ವ ಮಾತ್ರ ಚಿಪ್ಪು ಎತ್ಕೊಂಡು ನೆಟ್ಟಗೆ ನಿಂತಳು.

"ನಿಮಗೆ ತೋರಿಸೋಕೆ ಮಾಡಿದ್ದಲ್ಲ ಅತ್ತೆ. ನನಗೆ ಗೊತ್ತಾಗ್ಬೇಕಿತ್ತು."

ಮರಿ ಅಂಬಲಿ ನೆಕ್ಕೋಕೆ ಕಲಿಯೋವರೆಗೂ ಕೊಟ್ಟಳು. ಆಮೇಲೆ ಹೊಸ ಮಲ್ಲಿಗೆ ತರಿಸಿಕೊಂಡು ತಾನೇ ಕಟ್ಟಿಕೊಂಡಳು. ಮತ್ತೆ ಅದನ್ನ ಮುಟ್ಟಲೂ ಇಲ್ಲ, ಕರೆಯಲೂ ಇಲ್ಲ. ಆ ನಾಯಿಯೂ ಅಂಥಾ ನಾಯಿ ಏನಾಗಲಿಲ್ಲ. ಒಂದು ಕಾಲು ಎಳೆದು ನಡೆಯೋದು, ಹಗಲೆಲ್ಲ ಮಲಗೋದು, ಹನುಮಯ್ಯನ ಬುತ್ತಿ ಕದಿಯೋದು. ಕಳ್ಳ ಬಂದರೆ ಅದು ಮೊದಲು ಓಡಿಹೋಗೋದು. ಅನ್ನ ಹಾಕೋ ನನ್ನನ್ನೇ ಎರಡು ಸಲ ಕಚ್ಚಿತ್ತು. ಅದು ಎಲ್ಲಿ ಸತ್ತಿತೋ ಗೊತ್ತಿಲ್ಲ, ಒಂದು ಮಳೆಗಾಲದಲ್ಲಿ ಕಾಣಲಿಲ್ಲ. ನನಗೆ ಅಂಟಿಕೊಂಡಿದ್ದು ನಾಯಿ ಅಲ್ಲ, ಹೆಸರು. ಉಳಿಯೋದಲ್ಲ ಅನ್ನೋದನ್ನೆಲ್ಲ ತಿಪ್ಪಿ ಕೈಗೆ ಕೊಡಿ ಅಂತ ಮನೆಯಲ್ಲಿ ರೂಢಿ ಆಯಿತು. ಕಾಲಿಲ್ಲದ ಕರು, ಸೊರಗಿದ ಕೋಳಿ, ಹಾಸಿಗೆ ಹಿಡಿದ ಮುದುಕರು. ಗಂಡನ ಮನೆಗೆ ಹೋದಮೇಲೂ ಅದೇ. ನನಗೆ ಇಷ್ಟಾನಾ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ, ಇಲ್ಲ ಅಂತಿದ್ದೆ. ಆದರೂ ಮಾಡ್ತಿದ್ದೆ.

ಎರಡು ವರ್ಷಕ್ಕೆ ಅವ್ವ ಮತ್ತೆ ಹೆತ್ತಳು. ಗಂಡು. ಆ ತಮ್ಮ ಉಳಿದ, ಈಗ ಅವನಿಗೇ ಮೊಮ್ಮಕ್ಕಳಾಗಿವೆ. ಆದರೆ ಅವತ್ತು ಅದು ಯಾರಿಗೆ ಗೊತ್ತಿತ್ತು? ಹೆರಿಗೆ ರಾತ್ರಿಯೆಲ್ಲ ಹಿಡಿದು ಬೆಳಿಗ್ಗೆ ಆಗಿತ್ತು. ಸೂಲಗಿತ್ತಿ ಕೈ ತೊಳೆದು ಹೋಗಿದ್ದಳು. ಅಜ್ಜಿ ಹಿತ್ತಲಲ್ಲಿ ಕೈಕಾಲು ತೊಳೆದು ಬಂದು ಕೋಣೆ ಬಾಗಿಲಲ್ಲಿ ನನ್ನ ಕೈಗೆ ಒಂದು ಚೊಂಬು ಕೊಟ್ಟಳು.

"ಹೋಗು, ಮೂಲೆಮನೆಯಲ್ಲಿ ಮೇಕೆ ಈದೈತೆ. ಹಾಲು ಹಿಂಡಿಸ್ಕೊಂಡು ಬಾ."

"ಯಾತಕ್ಕೆ?"

"ಯಾತಕ್ಕೆ ಅಂದ್ರೆ? ಕೂಸಿಗೆ."

ನಾನು ಚೊಂಬು ಹೊಸ್ತಿಲ ಮೇಲೆ ಇಟ್ಟೆ.

"ಕೂಸು ಆಗ್ಲೇ ಕುಡೀತಾ ಐತೆ ಅಜ್ಜಿ. ಅವ್ವಂದೇ."

"ಯಾರನ್ನ ಕೇಳಿ ಕೊಟ್ಲು?"

"ಯಾರನ್ನ ಕೇಳ್ಬೇಕು?"

ಅಜ್ಜಿ ಕೈ ಎತ್ತಿದಳು. ಹೊಡೀಲಿ ಅಂತ ನಾನು ನಿಂತೇ ಇದ್ದೆ, ತಲೆ ತಗ್ಗಿಸಲಿಲ್ಲ. ರಾತ್ರಿಯೆಲ್ಲ 'ತಿಣುಕು, ತಿಣುಕು' ಅಂತ ಕೂಗಿ, ಅವ್ವನ ಬೆನ್ನಿಗೆ ಮೊಣಕಾಲು ಕೊಟ್ಟು ಕೂತಿದ್ದವಳು ಅವಳು. ಎತ್ತಿದ ಕೈಯನ್ನ ಬಾಗಿಲ ಚೌಕಟ್ಟಿಗೆ ಊರಿ ಹಂಗೇ ಕೆಳಗೆ ಕುಸಿದು ಕೂತಳು, ಕಾಲು ನೀಡಿದಳು. ಅವಳು ಅಷ್ಟು ಮುದುಕಿ ಅಂತ ನಾನು ಅಲ್ಲಿವರೆಗೂ ನೋಡಿರಲಿಲ್ಲ.

"ಏನಾದ್ರೂ ಆದ್ರೆ ನನ್ನ ಕೇಳ್ಬ್ಯಾಡಿ."

"ಕೇಳಲ್ಲ ಬುಡು."

ನಾನೂ ಅವಳ ಪಕ್ಕದಲ್ಲೇ ಕೂತೆ. ಒಳಗೆ ಕತ್ತಲು, ಏನೂ ಕಾಣ್ತಿರಲಿಲ್ಲ. ಕೂಸು ಚೀಪೋ ಸದ್ದು, ನಡುವೆ ಉಸಿರು ತಗೊಳ್ಳೋದು, ಮತ್ತೆ ಚೀಪೋದು. ಅಜ್ಜಿ ಕಣ್ಣು ಮುಚ್ಚಿ ಕಿವಿ ಅತ್ತ ಕಡೆ ಕೊಟ್ಟಿದ್ದಳು.

"ನುಂಗ್ತಾವ್ನೆ" ಅಂದಳು.

"ಹೂಂ."

ದನ ಕೊಟ್ಟಿಗೆಯಲ್ಲಿ ಕೂಗ್ತಿದ್ದವು, ಒಲೆ ಹಚ್ಚಿರಲಿಲ್ಲ, ಅಪ್ಪ ಹೊರಗಿಂದ ಕಾಫಿ ಅಂತ ಎರಡು ಸಲ ಕೂಗಿದ. ಇಬ್ಬರೂ ಏಳಲಿಲ್ಲ.